ಸಮಾಧಿಯೂ ಸುತ್ತಣ ಕಾನೂ

ಸಿಂಗಪುರದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಊರಿಗೆ ಬಂದಿದ್ದವನು ಅಲ್ಲಿಯ ಒಂದು ಸ್ಮಶಾನದ ವಿಷಯ ಹೇಳಿದ. ಬುಕಿತ್ ಬ್ರೌನ್ ಎಂದು ಅದರ ಹೆಸರು. ಚೀನೀ ಜನರಿಗಾಗಿ 1922ರಲ್ಲಿ ಅಲ್ಲಿಯ ಪುರಸಭೆ ತೆರೆದದ್ದು, 1973ರಲ್ಲಿ ಮುಚ್ಚಿದ್ದು. ಸುಮಾರು ಒಂದು ಲಕ್ಷ ಗೋರಿಗಳಿದ್ದ ಜಾಗ. ಹೂಳುವುದು ನಿಂತ ಮೇಲೆ ಗುಡ್ಡವನ್ನೆಲ್ಲ ಮರಬಳ್ಳಿಗಳು ಆವರಿಸಿದುವು, ಹಕ್ಕಿಗಳು ಬಂದು ನೆಲಸಿದುವು. 2011ರಲ್ಲಿ ಅದರ ನಡುವೆ ಎಂಟು ಸಾಲಿನ ಹೆದ್ದಾರಿ ಹಾಯುವುದೆಂದು ಸರ್ಕಾರ ಸಾರಿದಾಗ ಇತಿಹಾಸ ಬಲ್ಲವರೂ ಪಕ್ಷಿ ಬಲ್ಲವರೂ ಒಟ್ಟಿಗೆ ನಿಂತು ಬೇಡವೆಂದರು. ಅಪಾಯದಲ್ಲಿರುವ ಸ್ಮಾರಕಗಳ 2014ರ ಅಂತರರಾಷ್ಟ್ರೀಯ ಪಟ್ಟಿಯಲ್ಲಿಯೂ ಅದು ಸೇರಿತು. ರಸ್ತೆ ನಿಲ್ಲಲಿಲ್ಲ. ಮೂರು ಸಾವಿರಕ್ಕೂ ಮಿಕ್ಕು ಗೋರಿಗಳನ್ನು ಅಗೆದು ತೆಗೆದರು. ಆದರೆ ಕಾಡುಪ್ರಾಣಿಗಳು ಕೆಳಗೆ ದಾಟಿಕೊಳ್ಳಲೆಂದು ಹೆದ್ದಾರಿಯ ಒಂದು ಭಾಗವನ್ನು ಸೇತುವೆಯಾಗಿ ಎತ್ತಿ ಕಟ್ಟಿದರು. ಇಷ್ಟು ಹೇಳಿ ಆತ ಕೇಳಿದ: "ನಮ್ಮ ಕಡೆ ಸತ್ತವರ ಜಾಗಕ್ಕಾಗಿ ಯಾರಾದರೂ ಹೀಗೆ ಜಗಳ ಆಡಿದ್ದುಂಟಾ ಸಾರ್?"

ಕನ್ನಡ ಪಾಠ ಹೇಳುವವನಿಗೆ ಈ ಪ್ರಶ್ನೆ ಬೇರೊಂದು ರೀತಿಯಲ್ಲಿ ತಟ್ಟುತ್ತದೆ. ಸತ್ತವರ ಕಲ್ಲುಗಳನ್ನು ಓದಿಯೇ ಬೆಳೆದ ವಿದ್ಯೆ ನಮ್ಮದು. ವೀರಗಲ್ಲು, ಮಾಸ್ತಿಕಲ್ಲು, ಹೊಂಬುಜದ ನಿಷಿಧಿಗಲ್ಲು ಇವುಗಳನ್ನು ತೆಗೆದುಬಿಟ್ಟರೆ ಹಳಗನ್ನಡದ ಚರಿತ್ರೆಯಲ್ಲಿ ಎಷ್ಟು ಪುಟಗಳು ಉಳಿದಾವು? ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಎಂಟನೆಯ ಸಂಪುಟ, 1904ರಲ್ಲಿ ಬಂದದ್ದು, ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳದ್ದು. ಅದಿಲ್ಲದೆ ನಾವು ಯಾರೂ ಒಂದು ಹೆಜ್ಜೆ ಇಡಲಾರೆವು. ಆದರೂ ಒಂದು ಮಾತು ಹೇಳಬೇಕು. ಅಲ್ಲಿ ಕಲ್ಲಿನ ಅಕ್ಷರವಿದೆ. ಕಲ್ಲು ನಿಂತ ಬನವಿಲ್ಲ, ಅದರ ಬುಡದ ಚೌಡಿಯಿಲ್ಲ, ದೀಪ ಇಡುವ ಮನೆಯಿಲ್ಲ. ರೈಸರ ಕೆಲಸ ಅದಾಗಿರಲಿಲ್ಲ, ನಿಜ. ಅವರ ತರುವಾಯ ನೂರಿಪ್ಪತ್ತು ವರ್ಷ ನಾವೇನು ಮಾಡಿದೆವು? ಅಕ್ಷರವಿದ್ದ ಕಲ್ಲನ್ನು ಕಿತ್ತು ದೇವಸ್ಥಾನದ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಸಿಮೆಂಟು ಬಳಿದೆವು. ಅಕ್ಷರವಿಲ್ಲದ ಕಲ್ಲನ್ನು ಮರೆತೆವು.

ಹೊಸನಗರ ತಾಲ್ಲೂಕಿನ ನಗರ, ಹಿಂದಿನ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದುಕೊಂಡ ಊರು. ಅಲ್ಲಿಯ ಕೊಪ್ಪಲ ಮಠದಲ್ಲಿ ಶಿವಪ್ಪನಾಯಕನ ಸಮಾಧಿಯಿದೆ. 'ಶಿವಪ್ಪನಾಯಕನ ಶಿಸ್ತು' ಎಂದರೆ ಮಲೆನಾಡಿನ ಮಕ್ಕಳಿಗೂ ಗೊತ್ತು. ಸಮಾಧಿ ಎಲ್ಲಿ ಎಂದರೆ ನನ್ನ ಎಂ.ಎ. ತರಗತಿಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಕೆಲವು ವರ್ಷಗಳ ಕೆಳಗೆ ಅವರನ್ನು ಕರೆದುಕೊಂಡು ಹೋದೆ. ಗಿಡಗಂಟಿಗಳ ನಡುವೆ ಕಲ್ಲುಕಟ್ಟಡ, ಪಾಚಿ, ಒದ್ದೆಯ ವಾಸನೆ. ನಿಧಿಯಾಸೆಗೆ ಮಲೆನಾಡಿನ ಹಳೆಯ ಕಲ್ಲುಗಳ ಬುಡವನ್ನೆಲ್ಲ ಅಗೆಯುವವರಿದ್ದಾರೆಂಬುದನ್ನು ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ನಿಂತಾಗ ನನಗೆ ಲಿಂಗಣ್ಣ ಕವಿಯ 'ಕೆಳದಿನೃಪವಿಜಯ' ನೆನಪಾಯಿತು. ಆ ವಂಶದ ಕಥೆ ಮೊದಲಾಗುವುದೇ ನಿಧಿಯಿಂದ. ಆ ನಿಧಿಗಾಗಿ ಯಾದವ, ಮುರಾರಿ ಎಂಬ ಇಬ್ಬರು ಆಳುಗಳು ತಾವಾಗಿ ಬಲಿಯಾದರೆಂಬ ಐತಿಹ್ಯ. ಅವರ ಹೆಸರು 'ಎಡವ ಮುರಾರಿ' ಎಂದು ಅರಸರ ಬಿರುದಿನಲ್ಲಿ ಉಳಿಯಿತು. ಆಳಿನ ಹೆಸರನ್ನು ದೊರೆ ಹೊತ್ತುಕೊಂಡದ್ದು ಅಪರೂಪದ ಸಂಗತಿಯೇ ಸರಿ. ಆದರೆ ಬಿರುದು ಸಿಕ್ಕಿತೇ ಹೊರತು ಗದ್ದುಗೆ ಸಿಗಲಿಲ್ಲ.

ಇದಕ್ಕೆ ಎದುರಾಗಿ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯನ್ನು ನೋಡಬೇಕು. 1994ರ ನವೆಂಬರಿನಲ್ಲಿ ಕುವೆಂಪು ಅವರ ಅಂತ್ಯಸಂಸ್ಕಾರ ನಡೆದದ್ದು ಅವರ ಕವಿಶೈಲದಲ್ಲಿ. ಅದೇ ಬಂಡೆಗಳ ಮೇಲೆ ಬಿ.ಎಂ.ಶ್ರೀ., ಟಿ. ಎಸ್. ವೆಂಕಣ್ಣಯ್ಯ, ಕುವೆಂಪು ಮೂವರೂ ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಅಲ್ಲಿಂದ ಕಣ್ಣು ಹಾಯುವಷ್ಟೂ ಕಾಡು. ಸುತ್ತಣ ಅರಣ್ಯಕ್ಕೆ ಕವಿಯ ಹೆಸರಿನಲ್ಲಿಯೇ ರಕ್ಷಣೆ ದೊರೆತಿದೆ. ಸಮಾಧಿ ಕಾಡನ್ನು ಕಾಯ್ದಿದೆ, ಕಾಡು ಸಮಾಧಿಗೆ ಅರ್ಥ ಕೊಟ್ಟಿದೆ. ಆ ಮರಗಳನ್ನು ಕಡಿದು ಹೂದೋಟ ಮಾಡಿದ್ದರೆ ಕವಿಶೈಲ ಇನ್ನೊಂದು ಸರ್ಕಾರಿ ಸ್ಮಾರಕವಾಗುತ್ತಿತ್ತು.

ಅಲ್ಲಿ ಕಲಾವಿದ ಕೆ. ಟಿ. ಶಿವಪ್ರಸಾದ್ ಅವರ ಕಲ್ಪನೆಯಂತೆ ದೊಡ್ಡ ದೊಡ್ಡ ಕಂಬಗಲ್ಲುಗಳನ್ನು ನಿಲ್ಲಿಸಿ, ಮೇಲೆ ಅಡ್ಡಗಲ್ಲು ಹೊದಿಸಿದ್ದಾರೆ. ಬೃಹತ್ ಶಿಲಾಯುಗದ ಜನ ಕಲ್ಲು ನೆಟ್ಟ ರೀತಿಯನ್ನು ಅದು ನೆನಪಿಗೆ ತರುತ್ತದೆ. ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ಹಾಗಿದೆ ಎನ್ನುತ್ತಾರೆ. ಇಂಗ್ಲೆಂಡಿಗೆ ಹೋಗಬೇಕಾದ್ದು ಏತಕ್ಕೆ? ಪಕ್ಕದ ಹೊಸನಗರ ತಾಲ್ಲೂಕಿನಲ್ಲಿಯೇ ನಿಲಸ್ಕಲ್ ಎಂಬ ಹಳ್ಳಿಯಿದೆ. ನಿಲ್ಲಿಸಿದ ಕಲ್ಲುಗಳಿಂದಲೇ ಊರಿಗೆ ಹೆಸರು. ಅಲ್ಲಿಯೂ ಬೈಸೆಯಲ್ಲಿಯೂ ತೀರ್ಥಹಳ್ಳಿ ಕಡೆಯ ಆರಗ ಗೇಟಿನ ಹತ್ತಿರವೂ ನಿಜವಾದ ಬೃಹತ್ ಶಿಲಾಯುಗದ ನೆಟ್ಟಗಲ್ಲುಗಳಿವೆ. ಇಂಥ ಕಲ್ಲುಗಳು ಸತ್ತವರ ನೆನಪಿಗೆ ಸೇರಿದುವೆಂದು ಪಂಡಿತರು ಎಣಿಸುತ್ತಾರೆ. ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯ, ಕೈಲಾಶ್ ರಾವ್ ಅವರು ಇವುಗಳನ್ನು ಅಳೆದು 2012ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಲೇಖನ ಬರೆದರು: ನಿಲಸ್ಕಲ್ಲಿನ ಕಲ್ಲುಗಳ ಜೋಡಣೆ ಜೂನ್, ಡಿಸೆಂಬರ್ ತಿಂಗಳುಗಳಲ್ಲಿ ಸೂರ್ಯ ತನ್ನ ಎಲ್ಲೆ ಮುಟ್ಟಿ ಹಿಂತಿರುಗುವ ದಿನಗಳ ಉದಯಾಸ್ತಗಳಿಗೆ ಹೊಂದುತ್ತದೆ ಎಂದು. (ಜೂನಿನಲ್ಲಿ ಹೊಸನಗರದ ಮಳೆಯ ನಡುವೆ ಸೂರ್ಯನನ್ನು ಕಂಡವನೇ ಪುಣ್ಯವಂತ, ಆ ಪೂರ್ವಿಕರ ತಾಳ್ಮೆ ದೊಡ್ಡದು.) ಹೊಸ ಕಲ್ಲುಗಳಿಗೆ ಬಸ್ಸುಗಟ್ಟಲೆ ಜನ, ಹಳೆಯ ಕಲ್ಲುಗಳಿಗೆ ದಾರಿ ಕೇಳುವವರಿಲ್ಲ. ಕುವೆಂಪು ಅವರ ಮೇಲಣ ಗೌರವಕ್ಕೆ ಚ್ಯುತಿ ತರಲು ಈ ಮಾತಲ್ಲ. ಹೆಸರಿದ್ದ ಸತ್ತವನಿಗೊಂದು ನ್ಯಾಯ, ಹೆಸರಿಲ್ಲದವನಿಗೊಂದು ನ್ಯಾಯ ನಮ್ಮ ವಿಮರ್ಶೆಯಲ್ಲಿಯೂ ಇದೆ ಎಂಬುದನ್ನು ಹೇಳಬೇಕಾಗಿದೆ, ಅಷ್ಟೇ.

ಇಲ್ಲೊಂದು ತೊಡಕೂ ಇದೆ. ಪರಂಪರೆ, ಪರಿಸರ ಎರಡನ್ನೂ ಉಳಿಸಿ ಎಂದು ಭಾಷಣ ಮಾಡುವುದು ಸುಲಭ. ನಿಲಸ್ಕಲ್ಲಿನ ಕಲ್ಲುಗಳು ದಿಗಂತವನ್ನು ನೋಡುತ್ತ ನಿಂತವು. ನಡುವೆ ಮರ ಬೆಳೆದರೆ ನೋಟ ಮುಚ್ಚುತ್ತದೆ. ಮರ ಕಡಿಯಬೇಕೆ? ನನ್ನ ಮಟ್ಟಿಗೆ ಉತ್ತರ ಯಾವ ಮರ ಎಂಬುದನ್ನು ಅವಲಂಬಿಸಿದೆ. ಮಲೆನಾಡಿನ ಕಾನು ಎಂದರೆ ಬರಿಯ ಮರಗಳ ಗುಂಪಲ್ಲ. ಊರವರು ಕೊಡಲಿ ಹಾಕದೆ, ಮೆಣಸು, ಉಪ್ಪಾಗೆ, ರಾಂಪತ್ರೆ, ಜೇನು ಇಷ್ಟನ್ನೇ ತಂದುಕೊಂಡು, ಭೂತ ಚೌಡಿಯರ ಹೆಸರಿನಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದದ್ದು. ಅದೂ ಒಂದು ಪ್ರಾಚೀನ ಕೃತಿಯೇ. ಸಾಲಾಗಿ ನೆಟ್ಟ ಅಕೇಶಿಯಾ ನೆಡುತೋಪಿಗೆ ಆ ಮರ್ಯಾದೆ ಸಲ್ಲದು. ಕಲ್ಲಿನ ಮುಂದೆ ಅಕೇಶಿಯಾ ಇದ್ದರೆ ಕಲ್ಲಿಗೆ ದಾರಿ ಬಿಡಲಿ. ಹಳೆಯ ಕಾನಿದ್ದರೆ, ಸೂರ್ಯೋದಯ ಕಾಣದಿದ್ದರೂ ಚಿಂತೆಯಿಲ್ಲ, ನಕ್ಷೆಯಲ್ಲಿ ನೋಡಿಕೊಳ್ಳೋಣ. ಪ್ರಾಚ್ಯವಸ್ತು ಬಲ್ಲ ಮಿತ್ರರಿಗೆ ಇದು ಒಪ್ಪಿಗೆಯಾಗಲಾರದೆಂದು ಬಲ್ಲೆ.

ಉಳಿಸುವ ಮಾತೇ ಇಲ್ಲದ ಜಾಗಗಳೂ ಇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಸಾಗರ, ಹೊಸನಗರ ಸೀಮೆಯ ಎಷ್ಟೋ ಹಳ್ಳಿಗಳ ಮನೆ, ತೋಟ, ಗದ್ದೆಗಳೊಡನೆ ಅವರ ಸುಡುಗಾಡುಗಳೂ ಬನಗಳೂ ಮುಳುಗಿದುವು. ಮನೆಗೆ ಪರಿಹಾರ ಬಂತು, ಮರಕ್ಕೆ ಬೆಲೆ ಕಟ್ಟಿದರು. ಅಜ್ಜನನ್ನು ಇಟ್ಟ ಜಾಗಕ್ಕೆ ಯಾವ ಲೆಕ್ಕ? 2025ರ ಜನವರಿಯಲ್ಲಿ ನಮ್ಮನ್ನಗಲಿದ ಸಾಗರದ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಈ ಮುಳುಗಡೆಯನ್ನು ಹತ್ತಿರದಿಂದ ಕಂಡವರು. 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಕೊಟ್ಟವರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿಯವರು ಚಿತ್ರವಾಗಿಯೂ ಮಾಡಿದರು. ನಾವು ತರಗತಿಯಲ್ಲಿ ಈ ಕೃತಿಗಳನ್ನು ಅಭಿವೃದ್ಧಿಗೂ ಮನುಷ್ಯನಿಗೂ ನಡೆದ ಘರ್ಷಣೆ ಎಂದು ವಿವರಿಸಿ ಮುಗಿಸುತ್ತೇವೆ. ನಾನೂ ಹಾಗೆಯೇ ಎಷ್ಟೋ ವರ್ಷ ಪಾಠ ಹೇಳಿದೆ. ಕಳೆದ ವರ್ಷ ಮುಳುಗಡೆಯ ಮನೆತನದ ಹುಡುಗಿಯೊಬ್ಬಳು ಎದ್ದು, "ನಮ್ಮ ಮನೇಲಿ ವರ್ಷಕ್ಕೊಂದು ಸಲ ನೀರಿಗೇ ಎಡೆ ಬಿಡ್ತಾರೆ ಸಾರ್, ಹಿರಿಯರು ಅಲ್ಲೇ ಕೆಳಗಿದಾರೆ ಅಂತ" ಎಂದಳು. ತರಗತಿಯಲ್ಲಿ ಆಮೇಲೆ ಪಾಠ ಮುಂದುವರಿಯಲಿಲ್ಲ.

ಸಿಂಗಪುರದವನ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅರೆಬರೆಯದು. ಜಗಳವಾಡುವುದಕ್ಕೆ ಮೊದಲು ಏನಿದೆ ಎಂದು ಗೊತ್ತಿರಬೇಕು. ಬುಕಿತ್ ಬ್ರೌನಿನವರಿಗೆ ಅದು ಗೊತ್ತಿತ್ತು. ರೈಸರ ಸಂಪುಟದ ಪಕ್ಕದಲ್ಲಿ ಇಡಬಹುದಾದ ಒಂದು ದಫ್ತರವನ್ನು ನಮ್ಮ ವಿದ್ಯಾರ್ಥಿಗಳು ಈ ಬೇಸಗೆಯಿಂದ ಬರೆಯುತ್ತಿದ್ದಾರೆ. ಊರು, ಕಲ್ಲು, ಅಕ್ಷರ ಉಂಟೋ ಇಲ್ಲವೋ, ಸುತ್ತಣ ಮರಗಳು, ಹತ್ತಿರದ ನೀರು, ದೀಪ ಇಡುವ ಮನೆ ಎಂದು ಆರು ಕಲಮುಗಳು. ಆ ಹುಡುಗಿಯ ಪುಟದಲ್ಲಿ ಊರಿನ ಹೆಸರಿದೆ. ಕಲ್ಲು, ಮರಗಳ ಎದುರಿಗೆ 'ನೀರಿನಲ್ಲಿ' ಎಂದಿದೆ. ಕೊನೆಯ ಕಲಮು ಮಾತ್ರ ತುಂಬಿದೆ.