ಬೀಸುಕಲ್ಲು ಮತ್ತು ಗ್ಯಾಝೆಟಿಯರು

ಮುರಗೋಡವೆಂದೊಡನೆ ನೆನಪಾಗುವವರು ಚಿದಂಬರ ದೀಕ್ಷಿತರು, ಮಹಾಂತ ಶಿವಯೋಗಿಗಳು. ದೀಕ್ಷಿತರ ಯಜ್ಞವನ್ನೂ ಅನ್ನದಾನವನ್ನೂ ಭಕ್ತರು ಇಂದಿಗೂ ಬಣ್ಣಿಸುತ್ತಾರೆ. ಅಷ್ಟೆಲ್ಲ ಎಲೆಗಳಿಗೆ ಹಿಟ್ಟು ಬೀಸಿದವರಾರೆಂಬುದು ಮಾತ್ರ ನಾನು ಓದಿದ ಯಾವ ಕಥನದಲ್ಲಿಯೂ ಇಲ್ಲ. ನಮ್ಮ ಚರಿತ್ರೆ ಬಹುಮಟ್ಟಿಗೆ ಪಂಕ್ತಿಯಲ್ಲಿ ಕುಳಿತವರು ಬರೆದದ್ದು.

ಮನೆಯ ಹೊಸ್ತಿಲವರೆಗಾದರೂ ಬಂದ ಎರಡು ಪುಸ್ತಕಗಳಿವೆ. ಒಂದು, 1884ರಲ್ಲಿ ಮುಂಬಯಿ ಸರಕಾರ ಹೊರಡಿಸಿದ ಬೆಳಗಾವಿ ಜಿಲ್ಲೆಯ ಗ್ಯಾಝೆಟಿಯರು; ಇನ್ನೊಂದು, 1931ರಲ್ಲಿ ಹಲಸಂಗಿಯ ಗೆಳೆಯರು ಪ್ರಕಟಿಸಿದ ‘ಗರತಿಯ ಹಾಡು’. ಇವೆರಡನ್ನೂ ಒಟ್ಟಿಗಿಟ್ಟು ಓದಬೇಕೆಂದು ನನ್ನ ಎಣಿಕೆ.

ಗ್ಯಾಝೆಟಿಯರಿನವರು ಜಾತಿಜಾತಿಯಾಗಿ ನೋಡುತ್ತ ಹೋದರು: ಗೋಡೆ ಎಂಥದು, ಪಾತ್ರೆ ಯಾವ ಲೋಹದ್ದು, ಉಣ್ಣುವದೇನು, ಮದುವೆಗೆಷ್ಟು ಖರ್ಚು. ಆ ಶ್ರದ್ಧೆಯನ್ನು ಹಳಿಯುವವನು ನಾನಲ್ಲ. ಆದರೆ ಅದು ಅಂಗಳದಲ್ಲಿ ನಿಂತು ಬರೆದ ಯಾದಿ. ಈ ಸೀಮೆಯ ಮಾಳಿಗೆಮನೆಯನ್ನೇ ನೋಡಿರಿ. ಜಂತಿಯ ಮೇಲೆ ಮಣ್ಣಿನ ಮೇಲ್ಮುದ್ದೆ, ಹೊಗೆ ಹೋಗಲು ಬೆಳಕಿಂಡಿ, ಬಾಗಿಲೊಳಗೇ ಎತ್ತಿನ ಗ್ವಾದಲಿ, ಅದಕ್ಕಿಂತ ಮೆಟ್ಟಿಲು ಎತ್ತರದಲ್ಲಿ ಪಡಸಾಲೆ, ಅದರಾಚೆ ಕತ್ತಲ ಅಡಿಗೆಮನೆ. ಬೇಸಿಗೆಗೆ ತಂಪು, ನಿಜ. ಆ ಕತ್ತಲಲ್ಲಿಯೇ ಹೆಣ್ಣುಮಗಳು ನಸುಕಿಗೆ ಎದ್ದು ಕಲ್ಲಿಗೆ ಕುಳಿತಳು. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಬಿರಿಯುತ್ತದೆ. ಆದ್ದರಿಂದ ಬೀಸುವ ಕೆಲಸ ನಾಳೆಗೆ ತಳ್ಳುವಂಥದಾಗಿರಲಿಲ್ಲ. ಈ ಒಂದು ಸಂಗತಿ ತಿಳಿಯದೆ ಉತ್ತರ ಕರ್ನಾಟಕದ ಮನೆಯ ದಿನಚರಿ ಅರ್ಥವಾಗದು.

ಆ ಹೊತ್ತಿನ ದಾಖಲೆ ಇರುವದು ಹಾಡಿನಲ್ಲಿ. ಹಲಸಂಗಿ ವಿಜಾಪುರ ಸೀಮೆಯದಾದರೂ ಬೀಸುವ ತ್ರಿಪದಿ ಮುರಗೋಡಕ್ಕೆ ಪರಕೀಯವಲ್ಲ. ತವರು, ಅಣ್ಣ, ತೊಟ್ಟಿಲು, ಅತ್ತೆ: ಇವುಗಳಲ್ಲಿಯ ಭಾವವನ್ನು ಹೊಗಳಿ ವಿಮರ್ಶಕರು ದಣಿದಿದ್ದಾರೆ. ನನಗೆ ಕಾಣುವದು ದುಡಿಮೆ. ಕಲ್ಲು ತಿರುಗಿಸುತ್ತ ಏದುವವಳಿಗೆ ಮೂರು ಸಾಲಿಗಿಂತ ಉದ್ದದ ಪದ್ಯ ಹೇಗೆ ಒಗ್ಗೀತು?

ಹೆಸರಿನ ಬಗೆಗೆ ಮಾತ್ರ ನನ್ನದೊಂದು ತಕರಾರಿದೆ. ‘ಗರತಿ’ ಎಂಬಲ್ಲಿ ಸಂಪಾದಕರ ಗೌರವವಿದೆ, ಸಂದೇಹವಿಲ್ಲ. ಆದರೆ ಕೂಲಿಗಾಗಿ ಪರರ ಜೋಳ ಬೀಸಿದವಳೂ ಗಂಡನನ್ನು ಕಳಕೊಂಡು ಅಣ್ಣನ ಮನೆಯಲ್ಲಿ ಬೀಸಿದವಳೂ ಅದೇ ಕಲ್ಲಿಗೆ ಕುಳಿತವರು. ಆ ಒಂದು ಹೆಸರಿನ ಸೆರಗಿನಲ್ಲಿ ಅವರು ಮರೆಯಾದರು.

ಗಿರಣಿ ಬಂದು ಹಾಡು ಹೋಯಿತೆಂದು ಹಲುಬುವವರು ಒಂದು ಸೇರು ಜೋಳ ಬೀಸಿ ನೋಡಲಿ! ಕಲ್ಲುಗಳೇನೋ ಹಿತ್ತಲಿಗೆ ಸರಿದವು. ಬೀಸಿದ ಮುದುಕಿಯರು ಕೆಲವರು ಇನ್ನೂ ಇದ್ದಾರೆ. ಅವರಿಂದ ಹಾಡು ಹೇಳಿಸಿದ್ದು ಸಾಕು. ಎಷ್ಟು ಹೊತ್ತಿಗೆ ಏಳುತ್ತಿದ್ದರು, ಎಷ್ಟು ಬೀಸುತ್ತಿದ್ದರು, ಯಾರ ಮನೆಯ ಜೋಳ, ಕೊಟ್ಟ ಕೂಲಿ ಏನು ಎಂಬುದನ್ನು ಯಾರಾದರೂ ಕೇಳಿ ಬರೆದಿಡಬೇಕು.