ನಾಣಿ ಊರು ಬಿಟ್ಟ, ಯಮುನಕ್ಕ?

ಇಳಕಲ್, ಹುನಗುಂದದ ಕಡೆಯ ನಮ್ಮಂಥವರಿಗೆ ಮಲೆನಾಡಿನ ಅಗ್ರಹಾರ ಅಂದ್ರೆ ಪುಸ್ತಕದಾಗಿನ ಊರು. ಅಲ್ಲಿಯ ಮಳೆ, ಮಡಿ, ಅಡಿಕೆ ತೋಟ ಎಲ್ಲ ಓದಿ ಗೊತ್ತು ಅಷ್ಟೇ. ಆದರೂ ಯು. ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ'ದ ನಾಣಿ ನನಗೆ ಎಂದೂ ಪರವೂರಿನ ಹುಡುಗ ಅನ್ನಿಸಿಲ್ಲ. ಮನೆ ಬಿಟ್ಟು ಓದೋಕೆ ಬಂದ ಸಣ್ಣ ಹುಡುಗ, ದೊಡ್ಡ ಹುಡುಗರ ಕಾಟ, ರಾತ್ರಿಯಾದರೆ ಅವ್ವನ ನೆನಪು. ಹಾಸ್ಟೆಲ್‌ನಲ್ಲಿ ಇದ್ದು ಬೆಳೆದ ಯಾರಿಗೂ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಇಷ್ಟದ ಕತೆಯೊಂದು ಸಿನಿಮಾ ಆದಾಗ ಓದಿದವರಿಗೆ ಒಂದು ಅಳುಕು ಇದ್ದೇ ಇರುತ್ತೆ. ನನ್ನ ತಲೆಯೊಳಗಿನ ನಾಣಿಯನ್ನ ಇವರು ಕಿತ್ಕೊಂಡು ಬೇರೆ ಯಾರನ್ನೋ ಕೂರಿಸಿಬಿಟ್ಟರೆ? ಗಿರೀಶ್ ಕಾಸರವಳ್ಳಿ 1977ರಲ್ಲಿ ತಮ್ಮ ಮೊದಲ ಸಿನಿಮಾ ಆಗಿ ಈ ನೀಳ್ಗತೆಯನ್ನ ಎತ್ತಿಕೊಂಡಾಗ ಅವರಿಗೆ ಮೂವತ್ತೂ ಆಗಿರಲಿಲ್ಲ. ಸ್ವರ್ಣಕಮಲ ಬಂತು. ಸುಮಾರು ಐದು ದಶಕ ಕಳೆದ ಮೇಲೆ, 2024ರಲ್ಲಿ, ಜೀರ್ಣೋದ್ಧಾರಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಆ ಕಪ್ಪು ಬಿಳುಪಿನ ಜಗತ್ತು ಇವತ್ತಿಗೂ ಹಳೇದು ಅನ್ನಿಸೋದಿಲ್ಲ.

ಗೊತ್ತಿಲ್ಲದವರಿಗೆ ಕತೆ ಇಷ್ಟು. ಉಡುಪರ ವೇದಪಾಠಶಾಲೆಗೆ ಬಂದ ನಾಣಿಗೆ ಅಲ್ಲಿ ಇರೋ ಆಸರೆ ಒಂದೇ, ಉಡುಪರ ವಿಧವೆ ಮಗಳು ಯಮುನಕ್ಕ. ಆಕೆ ಶಾಲೆಯ ಮೇಷ್ಟ್ರಿಂದ ಬಸಿರಾಗಿದ್ದಾಳೆ. ವಿಷಯ ಅಗ್ರಹಾರಕ್ಕೆ ಗೊತ್ತಾಗುತ್ತೆ. ಕೊನೆಗೆ ಹೆತ್ತ ಅಪ್ಪನೇ, ಬದುಕಿರೋ ಮಗಳಿಗೆ ಘಟಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕ್ತಾನೆ.

ಕತೆ ಓದುವಾಗ ನಾವು ನಾಣಿಯ ಒಳಗಿರ್ತೀವಿ. ಅವನಿಗೆ ಅರ್ಥವಾಗದ್ದು ನಮಗೂ ಮಸುಕು ಮಸುಕು. ಈ ಮಸುಕಿನಲ್ಲಿ ಒಂದು ಸುಖವೂ ಇದೆ. ಹುಡುಗ ಏನೂ ಮಾಡಲಾರ, ಹಾಗಾಗಿ ಓದುವ ನಾವೂ ಏನೂ ಮಾಡಬೇಕಿಲ್ಲ.

ಸಿನಿಮಾ ಆ ಸುಖ ಕೊಡೋದಿಲ್ಲ. ಕ್ಯಾಮೆರಾ ನಾಣಿಯ ತಲೆಯೊಳಗೆ ಹೋಗಲಾರದು, ಅವನ ಪಕ್ಕದಲ್ಲಿ ನಿಲ್ಲಬಹುದು ಅಷ್ಟೇ. ಹುತ್ತಕ್ಕೆ ಕೈ ಹಾಕಿ ಸಾಯೋಕೆ ಹೊರಟ ಯಮುನಕ್ಕನ ದೃಶ್ಯವನ್ನೇ ತಗೊಳ್ಳಿ. ಪುಸ್ತಕದಲ್ಲಿ ಅದು ಮೊದಲು ನಾಣಿಯ ಭಯವಾಗಿ ನಮ್ಮನ್ನ ತಟ್ಟುತ್ತೆ. ತೆರೆಯ ಮೇಲೆ ಆ ಭಯದ ಜೊತೆಗೆ ಮೀನಾ ಕುಟ್ಟಪ್ಪನವರ ಮುಖ ಇದೆ. ಹುಡುಗ ನೋಡ್ತಿರೋದನ್ನೇ ನಾವೂ ನೋಡ್ತೀವಿ, ಆದರೆ ಅವನಿಗಿಂತ ಹೆಚ್ಚು ತಿಳಿದುಕೊಂಡು ನೋಡ್ತೀವಿ. ಮಾಸ್ಟರ್ ಅಜಿತ್ ಕುಮಾರ್ ಇಲ್ಲಿ ನಟಿಸಿದ್ದಾನೆ ಅನ್ನಿಸೋದೇ ಇಲ್ಲ, ಸುಮ್ಮನೆ ಕಣ್ಣು ಬಿಟ್ಟು ನಿಂತಿರ್ತಾನೆ. ತಿಳಿದೋರು ಹೀಗೆ ನಿಂತು ನೋಡಿದರೆ ಅದಕ್ಕೆ ಏನಂತಾರೆ ಅನ್ನೋ ಪ್ರಶ್ನೆ ನಮಗೆ ಬಂದು ತಗಲುತ್ತೆ.

ಕಳೆದುಕೊಂಡದ್ದೂ ಇದೆ. ಎಳೆ ಹುಡುಗನ ಒಳಗಿನ ತರ್ಕ, ಪಾಪದ ಬಗ್ಗೆ ಅವನೇ ಕಟ್ಟಿಕೊಳ್ಳೋ ಲೆಕ್ಕಾಚಾರ, ಇವು ಅಕ್ಷರದಲ್ಲಿ ಇದ್ದಷ್ಟು ತೆರೆಯ ಮೇಲೆ ಇಲ್ಲ. ಮೇಷ್ಟ್ರ ಜೊತೆಗೆ ಸಿನಿಮಾ ಇನ್ನೊಂಚೂರು ಹೊತ್ತು ನಿಲ್ಲಬೇಕಿತ್ತು ಅಂತಲೂ ನನಗೆ ಅನ್ನಿಸಿತು. ಬಸಿರು ಇಬ್ಬರದು, ಶ್ರಾದ್ಧ ಒಬ್ಬಳದೇ. ಈ ಅನ್ಯಾಯ ನಮಗೆ ತಿಳಿಯುತ್ತೆ, ಆದರೆ ಆತನ ಮುಖದ ಮೇಲೆ ಅದನ್ನ ನೋಡೋ ಅವಕಾಶ ಸಿಗೋದಿಲ್ಲ.

ನಮ್ಮ ಹುನಗುಂದ ತಾಲೂಕಿನ ಕೂಡಲಸಂಗಮದ ಸುತ್ತಮುತ್ತ ಮಕ್ಕಳಿಗೆ ಹೇಳೋ ಕತೆಯೊಂದಿದೆ. ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ನನಗ್ಯಾಕೆ ಅಂತ ಕೇಳಿದ ಹುಡುಗ, ಮನೆ ಬಿಟ್ಟು ಹೊಳೆಗಳು ಕೂಡೋ ಆ ಜಾಗಕ್ಕೆ ಬಂದನಂತೆ. ಮುಂದೆ ಅವನೇ ಬಸವಣ್ಣ. ನಮ್ಮ ಕಡೆ ಹುಡುಗ ದೊಡ್ಡವನಾದ ಅನ್ನೋದಕ್ಕೆ ಇದೇ ಮಾದರಿ: ಅಕ್ಕನ ಪರ ನಿಂತು ಊರು ಬಿಟ್ಟವನು. ನಾಣಿಯೂ ಊರು ಬಿಡ್ತಾನೆ. ಆದರೆ ಅವನನ್ನ ಅಪ್ಪ ಕೈ ಹಿಡಿದು ಕರಕೊಂಡು ಹೋಗ್ತಾನೆ. ತಲೆ ಬೋಳಿಸಿಕೊಂಡ ಯಮುನಕ್ಕ ಮರದಡಿ ಒಬ್ಬಳೇ ಉಳೀತಾಳೆ. ಹುಡುಗನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಆಗೋದಿಲ್ಲ, ಅವನಿನ್ನೂ ಕೂಸು.

ಆದರೆ ನಾವು? ಬಾಗಲಕೋಟೆಯಿಂದಲೋ ಬಾದಾಮಿಯಿಂದಲೋ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದು ನೌಕರಿ ಹಿಡಿದ ನಾವು, ಊರು ಬಿಟ್ಟದ್ದನ್ನೇ ದೊಡ್ಡವರಾದದ್ದು ಅಂತ ಹೇಳ್ಕೊಂಡು ತಿರುಗ್ತೀವಿ. ನಮಗೆ ಶಾಲೆಯ ಡಬ್ಬಿ ಕಟ್ಟಿಕೊಟ್ಟ, ನೆರಳಾಗಿದ್ದ ಓಣಿಯ ಅಕ್ಕಂದಿರು ಈಗ ಎಲ್ಲಿದ್ದಾರೆ, ಹೆಂಗಿದ್ದಾರೆ? ಒಬ್ಬಳಿಗೆ ಓದು ಬಿಡಿಸಿದಾಗ, ಇನ್ನೊಬ್ಬಳ ಬಗ್ಗೆ ಓಣಿಯೆಲ್ಲ ಗುಸುಗುಸು ಅಂದಾಗ, ನಾವು ಸಣ್ಣವರು ಅಂತ ಸುಮ್ಮನಿದ್ದೆವು. ಈಗ ಸಣ್ಣವರಲ್ಲ.

ಕತೆ ಓದಿದವರು ಸಿನಿಮಾ ನೋಡ್ರಿ, ನೋಡಿದವರು ಕತೆ ಓದ್ರಿ. ಯಾವುದು ಮೇಲು ಅನ್ನೋ ಜಗಳ ಬ್ಯಾಡ. ಕತೆ ನಮ್ಮನ್ನ ನಾಣಿ ಮಾಡುತ್ತೆ. ನಾವಿನ್ನು ನಾಣಿ ಅಲ್ಲ ಅಂತ ಸಿನಿಮಾ ಹೇಳುತ್ತೆ.