ವ್ಯಾಟ್ ಸಂಖ್ಯೆಗೆ ಮರುಳಾಗದಿರಿ

ಹೋಂ ಥಿಯೇಟರ್‌ಗೆ ಸರೌಂಡ್ ಸೌಂಡ್ ರಿಸೀವರ್ ಕೊಳ್ಳಲಿದ್ದೀರಾ? ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿರುವ ವ್ಯಾಟ್ ಸಂಖ್ಯೆಯನ್ನು ಅನುಮಾನದಿಂದಲೇ ಓದಿ. ಒಂದೇ ಚಾನೆಲ್ ನಡೆಸಿ, 1,000 ಹರ್ಟ್ಸ್‌ನ ಒಂದೇ ಸ್ವರಕ್ಕೆ, ಶೇಕಡ 10ರಷ್ಟು ಧ್ವನಿ ವಿರೂಪವನ್ನು ಒಪ್ಪಿಕೊಂಡು ಅಳೆದರೆ ಸಂಖ್ಯೆ ದೊಡ್ಡದಾಗಿಯೇ ಬರುತ್ತದೆ. ಸಿನಿಮಾ ನೋಡುವಾಗ ಐದು ಚಾನೆಲ್‌ಗಳು ಒಂದೇ ವಿದ್ಯುತ್ ಪೂರೈಕೆಯನ್ನು ಹಂಚಿಕೊಳ್ಳಬೇಕು. ಅಳತೆಯ ಷರತ್ತು ತಿಳಿಸದ ಇಂತಹ ಸಂಖ್ಯೆ, ಏಕಮಾನ ಬರೆಯದ ಉತ್ತರದಂತೆ ಅಪೂರ್ಣ.

ಇನ್ನೊಂದು ಅಂಶ ಗಮನಿಸಿ. ಸಾಮರ್ಥ್ಯ 50ರಿಂದ 100 ವ್ಯಾಟ್‌ಗೆ ಏರಿದರೂ ಶಬ್ದದ ಮಟ್ಟ ಹೆಚ್ಚುವುದು ಕೇವಲ 3 ಡೆಸಿಬೆಲ್. ಸಂವೇದಿತ್ವ 3 ಡೆಸಿಬೆಲ್ ಹೆಚ್ಚಿರುವ ಸ್ಪೀಕರ್ ಆರಿಸಿದರೂ ಅಷ್ಟೇ ಲಾಭ! ಆದ್ದರಿಂದ ಎಷ್ಟು ಚಾನೆಲ್, ಎಷ್ಟು ಓಮ್, ಯಾವ ಆವೃತ್ತಿ ವ್ಯಾಪ್ತಿ, ಎಷ್ಟು ವಿರೂಪ ಎಂಬ ನಾಲ್ಕು ಪ್ರಶ್ನೆ ಕೇಳಿ. ಉತ್ತರ ಸಿಕ್ಕ ಬಳಿಕವೇ ಬೆಲೆ ವಿಚಾರಿಸಿ.